ಹರಕೆ ಹುಂಜದ ಕೆಂಪು ದಾರ

ಮೊನ್ನೆ ಓದುವ ಕನ್ನಡಕದ ಪುಟ್ಟ ಸ್ಕ್ರೂ ಸಡಿಲವಾಯಿತೆಂದು, ಅದನ್ನು ತಿರುಗಿಸಲು ಏನಾದರೂ ಸಿಕ್ಕೀತೇ ಎಂದು ಹೆಂಡತಿಯ ಹೊಲಿಗೆ ಡಬ್ಬಿಗೆ ಕೈ ಹಾಕಿದೆ. ಹೊಲಿಗೆ ಡಬ್ಬಿಯೆಂದರೆ ನಿಮ್ಮ ಮನೆಯಲ್ಲೂ ಇರುವಂಥದ್ದೇ. ಹೊರಗೆ ಬಿಸ್ಕತ್ತಿನ ಚಿತ್ರ, ಒಳಗೆ ಜೋಡಿ ಕಳೆದುಕೊಂಡ ಗುಂಡಿಗಳು, ಬಾಗಿದ ಪಿನ್ನುಗಳು, ಯಾವ ಬೀಗದ್ದೆಂದು ಯಾರಿಗೂ ತಿಳಿಯದ ಒಂದು ಕೀಲಿ. ಎಲ್ಲದರ ತಳದಲ್ಲಿ ಬೆರಳುದ್ದದ ಒಂದು ಕೆಂಪು ದಾರ ಸಿಕ್ಕಿತು. ಅಲ್ಲಲ್ಲಿ ಕಪ್ಪುಗಟ್ಟಿತ್ತು, ನಡುವೆ ಗಟ್ಟಿಯಾದ ಗಂಟಿತ್ತು. ಇದೆಂಥ ಕಸವೆಂದು ಕಿಟಕಿಯಾಚೆ ಎಸೆಯಲು ಕೈ ಎತ್ತಿದ್ದೆ.

“ಹ್ವಾಯ್, ಅದನ್ನ್ ಬಿಸಾಡ್ಬೇಡಿ! ಅತ್ತೆ ಜೋಪಾನ ಮಾಡುಕ್ ಹೇಳೀರ್” ಎಂದು ಹೆಂಡತಿ ಗುಲಾಬಿ ಅಡುಗೆಮನೆಯಿಂದಲೇ ಕೂಗಿದಳು. ಅವಳಿಗೆ ಬೆನ್ನಿನಲ್ಲೂ ಕಣ್ಣಿದೆ.

ಅದೇ ಹೊತ್ತಿಗೆ ಹಿತ್ತಲಿನಲ್ಲಿ ಹುಂಜ ಕೂಗಿತು. ನಾನು ಕನ್ನಡಕ ಮರೆತು ದಾರ ಹಿಡಿದುಕೊಂಡು ಹಿಂಬಾಗಿಲ ಮೆಟ್ಟಿಲಿನ ಮೇಲೆ ಕುಳಿತೆ. ಆ ಕೂಗು ಕೇಳಿದಾಗಲೆಲ್ಲ ನನಗೆ ತಲೆಯ ಮೇಲಿನ ಅಕ್ಕಿ ಮೂಟೆ ಇಳಿಸಿದ ಹಾಗಾಗುತ್ತದೆ. ಯಾಕೆಂದು ಹೇಳುತ್ತೇನೆ. ಆದರೆ ಕೋಳಿಯ ವಿಷಯ ಹೇಳುವವನು ನೇರ ದಾರಿಯಲ್ಲಿ ಹೋಗುವುದು ಕಷ್ಟ, ನಡುನಡುವೆ ನಿಂತು ಕೆದರದೆ ಆಗುವುದಿಲ್ಲ.

ನಮ್ಮದು ಕುಂದಾಪುರದ ಕಡೆ. ಕೋಲ್ಕತ್ತದ ಡಮ್ ಡಮ್ ಸ್ಟೇಷನ್ನಿನ ಹತ್ತಿರ ನನ್ನದೊಂದು ಇಡ್ಲಿ-ದೋಸೆಯ ಅಂಗಡಿ ಇದೆ. ಬೋರ್ಡಿನ ಮೇಲೆ ‘ಉಡುಪಿ’ ಎಂದು ಬರೆಸಿದ್ದೇನೆ, ಕೆಳಗೆ ಹಸಿರು ಬಣ್ಣದಲ್ಲಿ ‘ಶುದ್ಧ ಶಾಕಾಹಾರಿ’ ಎಂದೂ ಇದೆ. ಅಂಗಡಿಯ ಮಟ್ಟಿಗೆ ಅದು ಅಪ್ಪಟ ಸತ್ಯ. ಮನೆಯಲ್ಲಿ ಮಾತ್ರ ಭಾನುವಾರವೆಂದರೆ ಕೋಳಿ ಸಾರು, ನಡುವೆ ಮನಸ್ಸಾದಾಗ ಮೀನು. ಬಾರಾನಗರದ ಈ ಹಿತ್ತಲಿರುವ ಮನೆಗೆ ಬಂದ ಮೊದಲ ವಾರವೇ ಪಕ್ಕದ ಮನೆಯ ಮಾಶಿಮಾ ಗೋಡೆಯಾಚೆಯಿಂದ ವಿಚಾರಿಸಿದ್ದರು. ಮಾಶಿಮಾ ಎಂದರೆ ಚಿಕ್ಕಮ್ಮ. ಕೆಲಸದಿಂದ ನಿವೃತ್ತರಾದ ಶಾಲಾ ಟೀಚರು, ಒಂಟಿ ಜೀವ, ಇಡೀ ಓಣಿಗೆ ಅವರು ಮಾಶಿಮಾ. “ಉಡುಪಿಯವರಂತೆ? ಅಯ್ಯೋ ಪಾಪ, ಹಾಗಾದರೆ ಮೀನೂ ಇಲ್ಲವೇ?” ಎಂದು ಅವರು ಕೇಳಿದಾಗ ಆ ದನಿಯಲ್ಲಿ ಎಂಥ ಕನಿಕರವಿತ್ತೆಂದರೆ, ಬೋರ್ಡಿನ ಮರ್ಯಾದೆಗೋ ಏನೋ, ನಾನು “ಇಲ್ಲ” ಎಂದುಬಿಟ್ಟೆ.

ಆ ಒಂದು ಸುಳ್ಳಿನ ಫಲವನ್ನು ವರ್ಷಗಟ್ಟಲೆ ಉಂಡಿದ್ದೇನೆ. ಪ್ರತಿ ವಾರ ಗೋಡೆಯ ಮೇಲಿಂದ ಒಂದು ಬಟ್ಟಲು ಶುಕ್ತೊ ಬರತೊಡಗಿತು. ಅದು ಹಾಗಲಕಾಯಿ ಹಾಕಿದ ಬಂಗಾಳಿ ಪಲ್ಯ, ಕಹಿಯೇ ಅದರ ಹೆಚ್ಚುಗಾರಿಕೆ. ಗೋಡೆಯ ಆಚೆ ಸಾಸಿವೆ ಅರೆದ ಇಲಿಶ್ ಮೀನು ಕುದಿಯುತ್ತಿರುವಾಗ, ಈಚೆ ನಾನು ಆ ಪರಿಮಳ ನಂಚಿಕೊಂಡು ಶುಕ್ತೊ ತಿನ್ನುತ್ತಿದ್ದೆ.

ಕೋಳಿ ಬಂದದ್ದು ಡೆಂಗಿಯಿಂದ. ಎರಡು ಮಳೆಗಾಲದ ಹಿಂದೆ ನನಗೆ ಜ್ವರ ಬಂದು, ಪ್ಲೇಟ್‌ಲೆಟ್ ಇಳಿದು, ಆಸ್ಪತ್ರೆಯಲ್ಲಿ ಮಲಗಿದೆ. ಡಾಕ್ಟರು ಗುಲಾಬಿಯ ಹತ್ತಿರ ಮೆಲ್ಲಗೆ ಮಾತಾಡತೊಡಗಿದ ಆ ದಿನ ಅಮ್ಮ ಆಸ್ಪತ್ರೆಯ ಮೆಟ್ಟಿಲಿನ ಮೇಲೆ ಕೂತು ಊರಿನ ದೈವ ಹಾಯ್ಗುಳಿಗೆ ಹರಕೆ ಹೇಳಿಕೊಂಡಳು. ಮಗ ಎದ್ದು ಮನೆಗೆ ಬಂದರೆ ಒಂದು ಹುಂಜ ಒಪ್ಪಿಸುತ್ತೇನೆ ಎಂದು. ನಾನು ಎದ್ದು ಮನೆಗೆ ಬಂದೆ. ಹುಷಾರಾಗಿರುವಾಗ ನಾನು ದೈವ ಗೀವ ಎಂದು ತಮಾಷೆ ಮಾಡುವವನು. ಆದರೆ ಸಂಕಟ ಬಂದಾಗ ವೆಂಕಟರಮಣ, ನನ್ನ ನಾಸ್ತಿಕತೆ ಪ್ಲೇಟ್‌ಲೆಟ್ ಸರಿಯಿದ್ದಾಗಿನ ಮಾತು.

“ಆಯ್ತಮ್ಮ, ಊರಿಗೆ ಹೋದಾಗ ಸಂತೆಯಿಂದ ಒಂದು ಒಳ್ಳೆ ಹುಂಜ ತಕೊಂಡರಾಯಿತು” ಎಂದೆ.

ಅಮ್ಮ ನನ್ನನ್ನು ಸಣ್ಣ ಮಗುವನ್ನು ನೋಡುವಂತೆ ನೋಡಿದಳು. “ಸಂತೆ ಕೋಳಿಯಾ? ಎಂತ ಮಾಣಿ, ಹೆತ್ತ ಮಗನ ಜೀವಕ್ಕ್ ಹೇಳ್ಕಂಡ ಹರಕೆ ಅದ್. ಮನೆ ಹೇಂಟೆ ಮೊಟ್ಟೆ ಇಟ್ಟ್, ಮನೇಲೇ ಮರಿಯಾಯ್ಕ್, ನಮ್ಮ ಕೈಯಾರೆ ಅಕ್ಕಿ ಹಾಕಿ ಸಾಕ್ಕ್. ಪ್ಯಾಟಿಯಿಂದ ತಂದ್ ಕೊಡುಕೆ ಹಾಯ್ಗುಳಿ ಎಂತ ನಿನ್ನ ಗಿರಾಕಿಯಾ?”

ಐವತ್ತೆರಡು ವರ್ಷದ ನಾನು ಅವಳಿಗೆ ಈಗಲೂ ಮಾಣಿ, ಎಂದರೆ ಸಣ್ಣ ಹುಡುಗ. ನಮ್ಮ ಮನೆಯ ಕಟ್ಟಳೆ ಅದು. ಹರಕೆಯ ಕೋಳಿ ಮನೆಯ ಕೋಳಿಯೇ ಆಗಬೇಕು. ಹೀಗೆ ಬಾರಾನಗರದ ಹಿತ್ತಲಿನಲ್ಲಿ ಕೋಳಿಗೂಡು ಎದ್ದಿತು. ಮಾಶಿಮಾಗೆ “ಮಗಳ ಆಸೆಗೆ ಸಾಕುತ್ತಿದ್ದೇವೆ, ಸುಮ್ಮನೆ ನೋಡುವುದಕ್ಕೆ” ಎಂದು ಇನ್ನೊಂದು ಸುಳ್ಳು ಹೇಳಿದೆ. ಕಾಲೇಜಿಗೆ ಹೋಗುವ ಮಗಳು ಪೂರ್ವಿ ನನ್ನನ್ನು ಕೆಕ್ಕರಿಸಿ ನೋಡಿದಳು.

ಕೋಳಿ ಸಾಕುವುದು ನನಗೆ ಗೊತ್ತಿರುವ ವಿದ್ಯೆಯೆಂದು ನಾನು ನಂಬಿದ್ದೆ. ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ಕೋಳಿಗಳೇ ಹೆಚ್ಚಿದ್ದವು. ಅಂಗಳದಲ್ಲಿ ಭತ್ತ ಒಣಗಿಸಿದರೆ ಕೋಲು ಹಿಡಿದು ಕಾಯುವ ಕೆಲಸ ನನ್ನದು. ಕಾಯುತ್ತ ನಿದ್ದೆ ಹೋಗಿ, ಕೋಳಿಗಳ ಹೊಟ್ಟೆ ತುಂಬಿಸಿ, ಬೆನ್ನಿಗೆ ಅದೇ ಕೋಲಿನಿಂದ ತಿಂದದ್ದೂ ನಾನೇ. ಒಂದು ಹೇಂಟೆಗೆ ಗೂಡೆಂದರೆ ಆಗುತ್ತಿರಲಿಲ್ಲ, ನನ್ನ ಶಾಲೆಯ ಚೀಲದಲ್ಲೇ ಮೊಟ್ಟೆ ಇಡುವುದು ಅದರ ಹಟ. ಒಮ್ಮೆ ಮೇಷ್ಟ್ರು ಲೆಕ್ಕದ ಪುಸ್ತಕ ತೆಗೆ ಎಂದಾಗ ಕೈಗೆ ಬೆಚ್ಚಗಿನ ಮೊಟ್ಟೆ ಸಿಕ್ಕಿತು. ಮೇಷ್ಟ್ರು ಅದನ್ನು ಮೇಜಿನ ಮೇಲಿಡು ಎಂದರು. ಲೆಕ್ಕದ ಪುಸ್ತಕದ ಸುದ್ದಿಯನ್ನು ಆ ದಿನ ಮತ್ತೆ ಎತ್ತಲಿಲ್ಲ.

ಕಾವು ಹಿಡಿದ ಹೇಂಟೆಯನ್ನು ಕೂರಿಸುವುದು ಅಮ್ಮನ ಕೆಲಸವಾಗಿತ್ತು. ಬುಟ್ಟಿಗೆ ಉಮಿ ಹರಡಿ, ಹನ್ನೊಂದೋ ಹದಿಮೂರೋ ಮೊಟ್ಟೆ ಜೋಡಿಸಿ, ಮೂಲೆಯಲ್ಲಿ ಒಂದು ಇದ್ದಿಲ ತುಂಡು, ಒಂದು ಕಬ್ಬಿಣದ ಮೊಳೆ ಇಡುತ್ತಿದ್ದಳು. ಗುಡುಗಿಗೆ ಮೊಟ್ಟೆ ಕೆಡದಿರಲಿ ಎಂದು. ಇಪ್ಪತ್ತೊಂದನೆಯ ದಿನ ಬುಟ್ಟಿಯೊಳಗಿಂದ ಸಣ್ಣ ‘ಟಿಕ್ ಟಿಕ್’ ಕೇಳಿದರೆ ನಾವು ಮಕ್ಕಳು ಉಸಿರು ಬಿಗಿಹಿಡಿದು ಸುತ್ತ ಕೂರುತ್ತಿದ್ದೆವು. ಹೊರಬಂದ ಒದ್ದೆ ಮರಿ ಸ್ವಲ್ಪ ಹೊತ್ತಿನಲ್ಲೇ ಒಣಗಿ ಅರಳುವುದನ್ನು ನೋಡುವ ಸುಖ ಮತ್ತೆ ಯಾವುದರಲ್ಲೂ ನನಗೆ ಸಿಕ್ಕಿಲ್ಲ.

ಇಷ್ಟೆಲ್ಲ ಅನುಭವವಿದ್ದ ನಾನು ಇಲ್ಲಿ ಮಾಡಿದ್ದೇನು ಕೇಳಿ. ಹಾಟ್‌ನಿಂದ, ಎಂದರೆ ಇಲ್ಲಿನ ಸಂತೆಯಿಂದ, ಒಂದು ದೇಶಿ ಹೇಂಟೆ ತಂದೆ. ಅದು ಬರುವಾಗಲೇ ಕಾವು ಹಿಡಿದಿತ್ತು. ಇದೇ ಶುಭ ಮುಹೂರ್ತವೆಂದು ಮೂಲೆಯಂಗಡಿಯಿಂದ ಒಂದು ಡಜನ್ ಬಿಳಿ ಮೊಟ್ಟೆ ತಂದು, ಒಂದನ್ನು ಆಮ್ಲೆಟ್ ಮಾಡಿಸಿ ಲೆಕ್ಕ ಬೆಸ ಮಾಡಿ, ಉಳಿದದ್ದನ್ನು ಅದರಡಿ ಜೋಡಿಸಿದೆ. ಇದ್ದಿಲು ಇಟ್ಟೆ, ಮೊಳೆ ಇಟ್ಟೆ. ಪಾಪದ ಹೇಂಟೆ ಇಪ್ಪತ್ತೊಂದು ದಿನ ಕೂತಿತು, ಇಪ್ಪತ್ತೈದು ದಿನ ಕೂತಿತು. ಕೊನೆಗೆ ಒಂದು ಮೊಟ್ಟೆ ತಾನಾಗಿ ಒಡೆದು ಇಡೀ ಓಣಿ ಮೂಗು ಮುಚ್ಚಿಕೊಂಡಿತು. ಅಮ್ಮನಿಗೆ ಆಗಷ್ಟೇ ಮೊಟ್ಟೆ ಎಲ್ಲಿಯದೆಂದು ಗೊತ್ತಾದದ್ದು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. “ಅಲ್ಲ ಮಾಣಿ, ಅದ್ ಹುಂಜದ ಮುಖ ಕಾಣದ್ ಕೋಳಿ ಮೊಟ್ಟೆ ಅಲ್ದಾ? ಅದ್ರಲ್ ಮರಿ ಎಲ್ಲಿಂದ ಬರೂದ್?” ಮಗಳು ಇದನ್ನು ಕಾಲೇಜಿನ ಗೆಳತಿಯರಿಗೆಲ್ಲ ಹೇಳಿ ನನ್ನ ಮಾನ ಕಳೆದಳು.

ಆಮೇಲೆ ಹುಂಜ ತಂದೆವು, ಹೇಂಟೆ ಮನೆಯಲ್ಲೇ ಮೊಟ್ಟೆ ಇಟ್ಟಿತು, ಹನ್ನೊಂದು ಇಟ್ಟದ್ದರಲ್ಲಿ ಏಳು ಮರಿಯಾದವು. ಅಷ್ಟರ ನಂತರ ದೊಡ್ಡ ಹುಂಜವನ್ನು ಬೇಕೆಂದ ಪರಿಚಯದವರೊಬ್ಬರಿಗೆ ಕೊಟ್ಟುಬಿಟ್ಟೆ. ಮರಿಗಳಲ್ಲಿ ಒಂದನ್ನು ಕಾಗೆ ಒಯ್ದಿತು, ಎರಡನ್ನು ಭಾಮ್. ಭಾಮ್ ಎಂದರೆ ನಮ್ಮ ಪುನುಗು ಬೆಕ್ಕು. ಇಷ್ಟು ದೊಡ್ಡ ಶಹರದಲ್ಲಿ ಹಳೆ ಮನೆಗಳ ಮಾಡಿನ ಮೇಲೆ ಅದು ಸಂಸಾರ ಹೂಡಿಕೊಂಡಿದೆ. ಉಳಿದದ್ದು ಎರಡು ಹೇಂಟೆ, ಎರಡು ಹುಂಜ. ನುಚ್ಚು, ತೌಡು, ಅಂಗಡಿಯಲ್ಲಿ ಉಳಿದ ಇಡ್ಲಿ ತಿಂದು ಅವು ಮೈತುಂಬಿಕೊಂಡವು. ಹುಂಜಗಳೆರಡೂ ಒಂದೇ ಬಣ್ಣ, ಒಂದೇ ಜುಟ್ಟು, ಒಂದೇ ದರ್ಪ.

ಮೂರು ತಿಂಗಳಾದಾಗ ಅಮ್ಮ ಒಂದನ್ನು ಹಿಡಿದು, ಹಾಯ್ಗುಳಿಯ ಹೆಸರು ಹೇಳಿ, ಅದರ ಬಲಗಾಲಿಗೆ ಕೆಂಪು ದಾರ ಕಟ್ಟಿದಳು. ಅಂದಿನಿಂದ ಅದು ಹಾಯ್ಗುಳಿ ಕೋಳಿ. ಆ ದಾರವನ್ನು ಊರಿನಲ್ಲಿ ಒಪ್ಪಿಸುವವರೆಗೆ ಯಾರೂ ಬಿಚ್ಚಬಾರದು, ಅಮ್ಮನ ಹೊರತು ಯಾರೂ ಮುಟ್ಟಲೂಬಾರದು. ದಿನಾ ಮಧ್ಯಾಹ್ನ ಊಟವಾದ ಮೇಲೆ ಅಮ್ಮ ಒಂದು ಹಿಡಿ ಅಕ್ಕಿ ತಂದು ಅದಕ್ಕೆಂದೇ ಹಾಕುತ್ತಿದ್ದಳು. ಕಣ್ಣಿಗೆ ಪೊರೆ ಬಂದು ಅವಳಿಗೆ ದಾರ ಸರಿಯಾಗಿ ಕಾಣುತ್ತಿರಲಿಲ್ಲ, ಹತ್ತಿರ ಬಂದಾಗ ಗಂಟನ್ನಷ್ಟೇ ಕೈಯಿಂದ ತಡವಿ ನೋಡುತ್ತಿದ್ದಳು. ಊರಿಗೆ ಹೋಗುವುದು ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು. ದೈವ ಮೈದುಂಬುವ ಪಾತ್ರಿಗಳನ್ನು ಫೋನಿನಲ್ಲಿ ಕೇಳಿದರೆ “ಊರಿಗೆ ಬಪ್ಪತಿಗೆ ತನ್ನಿ, ಹಾಯ್ಗುಳಿಗೆ ಅರ್ಜೆಂಟಿಲ್ಲ” ಎಂದರಂತೆ.

ಎರಡು ಹುಂಜ ಒಂದು ಹಿತ್ತಲಲ್ಲಿ ಬೆಳೆದರೆ ಏನಾಗುತ್ತದೆಂದು ನಿಮಗೆ ಗೊತ್ತು. ಜಗಳ, ರಕ್ತ, ಪೈಪೋಟಿಯ ಕೂಗು. ಓಣಿಯವರು ಗೊಣಗತೊಡಗಿದರು. ಹರಕೆಯಲ್ಲದ ಹುಂಜವನ್ನು ಒಂದು ಭಾನುವಾರ ಸಾರು ಮಾಡುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ಕೋಳಿಯನ್ನು ಕೇಳಿ ಯಾರೂ ಮಸಾಲೆ ಅರೆಯುವುದಿಲ್ಲವಲ್ಲ.

ಆ ಭಾನುವಾರ ಬೆಳಿಗ್ಗೆ ಗೂಡು ತೆರೆದೆ. ಒಂದು ಹುಂಜ ಹೊರಬಂತು. ಇನ್ನೊಂದು ರಾತ್ರಿ ಗೂಡು ಸೇರದೆ ಪೇರಲ ಮರ ಹತ್ತಿರಬೇಕು, ಅದು ಅದರ ಅಭ್ಯಾಸ. ಕೈಗೆ ಸಿಕ್ಕಿದ್ದನ್ನು ಹಿಡಿದು ಬಲಗಾಲು ನೋಡಿದೆ. ದಾರವಿಲ್ಲ. ಎಡಗಾಲೂ ನೋಡಿದೆ. ದಾರವಿಲ್ಲ. ಎರಡು ಸಲ ನೋಡಿದೆನೆಂದು ಗುಲಾಬಿಗೆ ಹೆಮ್ಮೆಯಿಂದ ಹೇಳಿದೆ ಕೂಡ. ನನಗೆ ಕೊಯ್ಯುವ ಧೈರ್ಯವಿಲ್ಲ. ಚೀಲಕ್ಕೆ ಹಾಕಿಕೊಂಡು, ಮಾಶಿಮಾ ಕಿಟಕಿಯಲ್ಲಿಲ್ಲವೆಂದು ಖಾತ್ರಿ ಮಾಡಿಕೊಂಡು, ಬಜಾರಿನ ಕೋಳಿ ಅಂಗಡಿಗೆ ಒಯ್ದೆ. ಮಾಶಿಮಾ ಹಿಂದಿನ ದಿನವೇ ಲೇಕ್ ಗಾರ್ಡನ್ಸ್‌ನ ತಂಗಿಯ ಮನೆಗೆ ಹೋಗಿದ್ದಾರೆಂದು ದಾರಿಯಲ್ಲಿ ಯಾರೋ ಹೇಳಿದರು, ನನಗೆ ಇನ್ನೂ ನಿರಾಳವಾಯಿತು. ಅಂಗಡಿಯವನು ಐದು ನಿಮಿಷದಲ್ಲಿ ಕೆಲಸ ಮುಗಿಸಿ, ತಲೆ ಕಾಲು ಅಲ್ಲೇ ಬಿಸಾಡಿ, ಮಾಂಸ ಕೊಟ್ಟ.

ಗುಲಾಬಿ ಮೆಣಸು ಕೊತ್ತಂಬರಿ ಹುರಿದು, ಕಾಯಿ ಅರೆದು ಊರಿನ ಹಾಗೆಯೇ ಸಾರು ಮಾಡಿದಳು. ಎಲ್ಲರೂ ಬೆವರು ಒರೆಸಿಕೊಳ್ಳುತ್ತ ಉಂಡೆವು. ಅಮ್ಮನೂ ಎರಡು ತುಂಡು ತಿಂದಳು. ಅಮ್ಮನ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. ಅವಳು ಊಟ ಮಾಡಿ ಕೈ ತೊಳೆದು ಬಂದು, ಬಾಗಿಲ ಬಳಿ ನಿಂತು, ಅಡುಗೆಗೆ ಒಂದು ಕುಂದು ಹೇಳದಿದ್ದ ದಿನವಿಲ್ಲ. ಉಪ್ಪೋ, ಹುಳಿಯೋ, ಬೇಯಲಿಲ್ಲವೋ. ಇಪ್ಪತ್ತೈದು ವರ್ಷಗಳಿಂದ ಗುಲಾಬಿ ಅದನ್ನು ಕೇಳಿಸಿಕೊಂಡ ಮೇಲೆಯೇ ತಾನು ತಟ್ಟೆ ಎತ್ತುವುದು. ಆ ದಿನ ಅಮ್ಮ ಕೈ ತೊಳೆದು, ಮೊದಲು ಹಾಯ್ಗುಳಿ ಕೋಳಿಗೆ ಅಕ್ಕಿ ಹಾಕಿ ಬರುತ್ತೇನೆಂದು ಹಿತ್ತಲಿಗೆ ಹೋದಳು.

“ಬಾ ಬಾ ಬಾ” ಎಂದು ಕರೆದಳು. ಹೇಂಟೆಗಳು ಬಂದವು. ಹುಂಜ ಬರಲಿಲ್ಲ. ಪೇರಲ ಮರದಲ್ಲಿಲ್ಲ, ಬಾವಿಕಟ್ಟೆಯಲ್ಲಿಲ್ಲ, ಗೋಡೆಯಾಚೆ ಇಣುಕಿದರೆ ಮಾಶಿಮಾರ ಅಂಗಳ ಬರಿದು. ಭಾಮ್ ಹಿಡಿದಿರಬೇಕು ಎಂದೆ. ಅಮ್ಮ ಸುಧಾರಿಸಿಕೊಂಡು, “ಹಾಂಗಾರೆ ದೈವವೇ ತಕಂಡ್ ಹೋಯ್ತ್ ಅಂದ್ಕಂಬ” ಎಂದಳು. ಅಲ್ಲಿಗೆ ಮುಗಿಯಬಹುದಿತ್ತು.

ಆದರೆ ಸೋಮವಾರ ಬೆಳಿಗ್ಗೆ ಗುಲಾಬಿ ಹಿತ್ತಲು ಗುಡಿಸುವಾಗ ಗೋಡೆಯ ಬುಡದಲ್ಲಿ ಕೆಂಪು ದಾರ ಸಿಕ್ಕಿತು. ಗಂಟು ಹಾಕಿದ್ದು ಹಾಕಿದ ಹಾಗೇ ಇತ್ತು. ದಾರ ಒಂದು ಕಡೆ, ಹುಂಜ ಇನ್ನೊಂದು ಕಡೆ. ಎಂದರೆ ದಾರ ಮೊದಲೇ ಕಳಚಿ ಬಿದ್ದಿದೆ. ಎಂದರೆ ನಾನು ಎರಡೆರಡು ಸಲ ಕಾಲು ನೋಡಿ, ದಾರವಿಲ್ಲವೆಂದು ಹೆಮ್ಮೆಯಿಂದ ಒಯ್ದದ್ದು ಯಾವುದನ್ನು? ನಾಲ್ಕು ಜನ ಆ ದಾರವನ್ನು ಕೈಯಿಂದ ಕೈಗೆ ದಾಟಿಸಿ ನೋಡಿದೆವು.

ಅಮ್ಮ ಅಲ್ಲೇ ನೆಲದ ಮೇಲೆ ಕುಳಿತಳು. “ದೈವದ ಬಾಯಿಂದ ಕಸ್ಕಂಡ್ ತಿಂದ ಹಾಂಗಾಯ್ತಲ್ಲ ಮಾಣಿ. ನಿನ್ನ ಜೀವಕ್ಕ್ ಹೇಳ್ಕಂಡದ್. ನಾನೂ ಎರಡ್ ತುಂಡ್ ತಿಂದ್ನಲ್ಲ” ಎಂದಳು.

“ಅಜ್ಜಿ, ಇಟ್ಸ್ ಓಕೆ. ಬೇರೆ ಒಂದು ಕೋಳಿ ಕೊಡೋದು. ಗಾಡ್ ಸಮಝ್ ಜಾಯೇಗಾ ನಾ” ಎಂದಳು ಪೂರ್ವಿ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಮಾತಾಡುವಾಗ ಮೂರು ಭಾಷೆಯ ಸಾಂಬಾರು.

“ಬೇರೆ ಕೊಡುಕೆ ಅದೆಂತ ಅಂಗಡಿ ವ್ಯಾಪಾರವಾ ಮಗಾ?”

ಪಾತ್ರಿಗಳಿಗೆ ಫೋನು ಮಾಡಿ ಪರಿಹಾರ ಕೇಳೋಣವೆಂದಳು ಗುಲಾಬಿ. ಅಮ್ಮ ಬೇಡವೆಂದಳು. “ಎಂತ ಹೇಳೂದ್? ನಿನ್ನ ಕೋಳಿನ ನಾವೇ ಸಾರ್ ಮಾಡ್ಕಂಡ್ ಉಂಡ್ವಿ ಅಂತ್ ಹೇಳೂದಾ?”

ಫೋಟೋಗಳನ್ನು ಹೋಲಿಸಿ ನೋಡೋಣವೆಂದು ಪೂರ್ವಿ ಫೋನು ತೆಗೆದಳು. ಕೋಳಿಗಳ ಜೊತೆ ಅವಳು ತೆಗೆದುಕೊಂಡ ಫೋಟೋಗಳಿಗೆ ಕೊನೆಯಿಲ್ಲ. ಎಲ್ಲದರಲ್ಲೂ ಅವಳ ಮುಖ ದೊಡ್ಡದಾಗಿ ಮುಂದೆ, ಹಿಂದೆಲ್ಲೋ ಒಂದು ಕೆಂಪು ಮಸುಕು. ನಾನು ಇನ್ನೂ ಬುದ್ಧಿವಂತ. ಮಂಗಳವಾರ ಕೋಳಿ ಅಂಗಡಿಗೆ ಹೋಗಿ, ಮೊನ್ನೆ ಕೊಯ್ದ ನನ್ನ ಹುಂಜದ ಕಾಲು ಎಲ್ಲಿ ಎಂದು ಕೇಳಿದೆ. ದಾರ ಕಟ್ಟಿದ ಕಾಲಾದರೆ ಗುರುತು ಇದ್ದೇ ಇರಬೇಕೆಂಬುದು ನನ್ನ ತರ್ಕ, ಭಾನುವಾರ ನಾನು ಹುಡುಕಿದ್ದು ದಾರವನ್ನಷ್ಟೇ, ಗುರುತನ್ನಲ್ಲ. ಅಂಗಡಿಯವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ದಾದಾ, ಸೂಪಿಗೆ ಬೇಕಾದರೆ ಇವತ್ತಿನ ತಾಜಾ ಕಾಲು ಕೊಡುತ್ತೇನೆ, ಮೊನ್ನೆಯದು ಯಾಕೆ?” ಎಂದ. ಸಾಲಿನಲ್ಲಿ ಹಿಂದೆ ನಿಂತಿದ್ದವರು ನನ್ನ ಅಂಗಡಿಯ ದಿನದ ಗಿರಾಕಿ, ನೀರುಳ್ಳಿ ಬೆಳ್ಳುಳ್ಳಿ ಬಿಟ್ಟವರು. ಅವರು ಅಲ್ಲಿ ಯಾಕೆ ನಿಂತಿದ್ದರೆಂದು ನಾನು ಕೇಳಲಿಲ್ಲ, ಅವರೂ ನನ್ನನ್ನು ಕೇಳಲಿಲ್ಲ.

ಆ ನಾಲ್ಕು ದಿನ ಮನೆಯಲ್ಲಿ ಎಲ್ಲಕ್ಕಿಂತ ಭಯ ಹುಟ್ಟಿಸಿದ್ದು ಅಮ್ಮನ ಮೌನ. ಗಂಜಿ ಬಿಟ್ಟು ಬೇರೇನೂ ಉಣ್ಣಲಿಲ್ಲ. ಕೈ ತೊಳೆದು ಬಂದು ಬಾಗಿಲ ಬಳಿ ನಿಲ್ಲಲಿಲ್ಲ. ಗುಲಾಬಿ ಒಂದು ದಿನ ಬೇಕೆಂದೇ ಚಟ್ನಿಗೆ ಉಪ್ಪು ಹಾಕದೆ ಬಡಿಸಿದಳು. ಅಮ್ಮ ಮಾತಿಲ್ಲದೆ ತಿಂದು ಎದ್ದಳು. ಗುಲಾಬಿ ಅಡುಗೆಮನೆಗೆ ಹೋಗಿ ಅತ್ತಳು. ಬೆಳಿಗ್ಗೆ ನಾನು ಅಂಗಡಿಗೆ ಹೊರಡುವ ಮುನ್ನ ಅಮ್ಮ ಬಂದು ನನ್ನ ಹಣೆ ಮುಟ್ಟಿ ನೋಡುತ್ತಿದ್ದಳು. ಬಿಸಿಯಿದೆಯೋ ಎಂದು. ಏನೂ ಹೇಳದೆ ಹಿಂತಿರುಗುತ್ತಿದ್ದಳು.

ಅದೆಲ್ಲ ಮೂಢನಂಬಿಕೆ ಎಂದು ನಾನು ನನಗೇ ಹೇಳಿಕೊಂಡೆ. ಹಾಗೆ ಹೇಳಿಕೊಂಡವನು ಅಂಗಡಿಯ ಗಲ್ಲಾದಲ್ಲಿ ಥರ್ಮಾಮೀಟರ್ ಯಾಕೆ ಇಟ್ಟುಕೊಂಡಿದ್ದೆನೆಂದು ಕೇಳಬೇಡಿ. ಒಂದು ಸೊಳ್ಳೆ ಕಿವಿಯ ಬಳಿ ಗುಂಯ್ ಎಂದರೆ ಹಾಯ್ಗುಳಿಯೇ ಕಳಿಸಿದ್ದೆನಿಸುತ್ತಿತ್ತು. ನಿಜವಾಗಿ ನನಗೆ ಹೆದರಿಕೆಯಾದದ್ದು ಜ್ವರಕ್ಕಲ್ಲ. ನಾಳೆ ನನಗೊಂದು ಸಾಮಾನ್ಯ ನೆಗಡಿ ಬಂದರೂ ಅಮ್ಮ ಅದನ್ನು ತಾನು ತಿಂದ ಎರಡು ತುಂಡಿನ ಲೆಕ್ಕಕ್ಕೆ ಹಚ್ಚಿ ಕೊರಗುತ್ತಾಳೆ, ಈ ವಯಸ್ಸಿನಲ್ಲಿ ಆ ಕೊರಗಿನಲ್ಲೇ ಹೋಗಿಬಿಡುತ್ತಾಳೆ ಎಂದು. ಆ ಹುಂಜ ಬದುಕಿದೆಯೆಂದು ಯಾರಾದರೂ ಹೇಳಿದ್ದರೆ ನಾನು ಅವರ ಕಾಲಿಗೆ ಬೀಳುತ್ತಿದ್ದೆ.

ಗುರುವಾರ ಸಂಜೆ ನಾಲ್ಕರ ಸುಮಾರಿಗೆ ಗೇಟು ಸದ್ದಾಯಿತು. ಮಾಶಿಮಾ ನಿಂತಿದ್ದರು. ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಬಟ್ಟೆಯ ದೊಡ್ಡ ಚೀಲ. ಚೀಲದ ಬಾಯಿಯಿಂದ ಕೆಂಪು ಜುಟ್ಟೊಂದು ಹೊರಗೆ ಇ​ಣುಕಿ, ನಮ್ಮನ್ನೆಲ್ಲ ನೋಡಿ, ‘ಕೊಕ್’ ಎಂದಿತು.

ಮಾಶಿಮಾ ಕುರ್ಚಿ ಎಳೆದು ಕೂತು, ನೀರು ಕುಡಿದು, ತಮ್ಮ ಬಂಗಾಳಿ ಹಿಂದಿಯಲ್ಲಿ ನನಗೆ ಪಾಠ ಶುರುಮಾಡಿದರು.

“ಸುಧಾಕರ್, ನಿನಗೆ ಬುದ್ಧಿ ಇದೆಯೇ? ಮರಿಯಾಗಿದ್ದಾಗ ಕಟ್ಟಿದ ದಾರ ದೊಡ್ಡ ಹುಂಜದ ಕಾಲಿಗೆ ಸಾಕಾಗುತ್ತದೆಯೇ? ಮಾಂಸದೊಳಗೆ ಹೂತುಹೋಗಿತ್ತು. ಶನಿವಾರ ನನ್ನ ಗೋಡೆಯ ಮೇಲೆ ಒಂಟಿಕಾಲಲ್ಲಿ ನಿಂತಿತ್ತು, ರಕ್ತ ಸುರಿಯುತ್ತಿತ್ತು. ಕತ್ತರಿಯಿಂದ ದಾರ ಕತ್ತರಿಸಿ ನಿಮ್ಮ ಕಡೆಗೆ ಎಸೆದೆ. ನನ್ನ ತಂಗಿಯ ಮಗ ಪ್ರಾಣಿಗಳ ಡಾಕ್ಟರು, ಅವನ ಹತ್ತಿರ ಒಯ್ದು ಔಷಧಿ ಹಾಕಿಸಿದೆ. ಇನ್ನೆರಡು ದಿನ ಬಿಟ್ಟಿದ್ದರೆ ಕಾಲೇ ಹೋಗುತ್ತಿತ್ತಂತೆ.”

ಹುಂಜದ ಬಲಗಾಲಿಗೆ ಬಿಳಿ ಪಟ್ಟಿ ಸುತ್ತಿತ್ತು. ನಾನು ಆ ಕಾಲನ್ನೂ ಅವರ ಮುಖವನ್ನೂ ಮತ್ತೆ ಮತ್ತೆ ನೋಡಿದೆ. “ಒಂದು ಮಾತು ಹೇಳಿ ಹೋಗಬಾರದಿತ್ತೇ ಮಾಶಿಮಾ?” ಎಂದೆ.

“ಹೇಳಿದ್ದರೆ?” ಮಾಶಿಮಾ ಕನ್ನಡಕದ ಮೇಲಿಂದ ನೋಡಿದರು. “ಕಾಲು ಹೋದ ಹುಂಜಕ್ಕೆ ನಿಮ್ಮ ಮನೆಯಲ್ಲಿ ಯಾವ ಗತಿಯೆಂದು ನನಗೆ ತಿಳಿಯದೇ? ಆರು ವರ್ಷದಿಂದ ಭಾನುವಾರ ಭಾನುವಾರ ಈ ಗೋಡೆ ದಾಟಿ ಬರುವ ಪರಿಮಳ ಬದನೆಕಾಯಿಯದೇ? ನಾನು ಬಂಗಾಳಿ ಹೆಂಗಸು, ನನ್ನ ಮೂಗಿಗೆ ಮೋಸ ಮಾಡುತ್ತೀಯಾ?”

ಪೂರ್ವಿ ಜೋರಾಗಿ ನಕ್ಕುಬಿಟ್ಟಳು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

“ಗೊತ್ತಿದ್ದೂ ವಾರವಾರ ಶುಕ್ತೊ ಯಾಕೆ ಕೊಟ್ಟಿರಿ?”

“ಎಷ್ಟು ವರ್ಷ ತಿನ್ನುತ್ತೀಯೋ ನೋಡೋಣವೆಂದು.”

ನೋಡಿ, ನಾನು ಮೊದಲೇ ನಿಜ ಹೇಳಿ ಅವರ ನಂಬಿಕೆ ಗಳಿಸಿದ್ದರೆ ಮಾಶಿಮಾ ಶನಿವಾರವೇ ದಾರ ಕತ್ತರಿಸಿ ಹುಂಜವನ್ನು ನಮ್ಮ ಹಿತ್ತಲಿಗೇ ಬಿಟ್ಟುಬಿಡುತ್ತಿದ್ದರೋ ಏನೋ. ಆಗ ಭಾನುವಾರದ ಗಡಿಬಿಡಿಯಲ್ಲಿ, ಕಾಲಿನಲ್ಲಿ ದಾರವಿಲ್ಲದ ಎರಡು ಹುಂಜಗಳ ನಡುವೆ, ನನ್ನ ಕೈ ಯಾವುದರ ಮೇಲೆ ಬೀಳುತ್ತಿತ್ತು? ಕುಂಟುತ್ತಿರುವುದರ ಮೇಲೆಯೇ. ಅದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಸುಳ್ಳು ಹೇಳಿದರೆ ಒಳ್ಳೆಯದಾಗುತ್ತದೆಂದು ಇದರಿಂದ ಮಗಳಿಗೆ ಪಾಠ ಹೇಳಲು ಹೋಗಿಲ್ಲ. ಆರು ವರ್ಷದ ಹಾಗಲಕಾಯಿ ನೆನಪಿದೆ.

ಅಮ್ಮನಿಗೆ ಮಾಶಿಮಾ ಆಡಿದ ಮಾತು ಪೂರ್ತಿ ತಿಳಿದಿರಲಿಲ್ಲ. ಗುಲಾಬಿ ಅವಳ ಕಿವಿಯಲ್ಲಿ ಕನ್ನಡದಲ್ಲಿ ಹೇಳುತ್ತ ಹೋದಳು. ಅಮ್ಮ ಎದ್ದು ಬಂದು, ಹುಂಜವನ್ನು ಮಡಿಲಿಗೆ ತೆಗೆದುಕೊಂಡು, ಪಟ್ಟಿಯ ಅಂಚನ್ನು ಮೆಲ್ಲಗೆ ಸರಿಸಿ ಹೆಬ್ಬೆರಳಿನಿಂದ ತಡವಿದಳು. ಕಾಲಿನ ಸುತ್ತ ದಾರ ಕೊರೆದ ಗೆರೆ ಅವಳ ಬೆರಳಿಗೆ ಸಿಕ್ಕಿತು. ಇನ್ನೊಮ್ಮೆ ತಡವಿದಳು. “ಅದೇ. ಹಾಯ್ಗುಳಿ ಕೋಳಿಯೇ” ಎಂದಳು. ಮತ್ತೆ, “ನಾನೇ ಅಲ್ದಾ ಕಟ್ಟಿದ್? ಪಾಪದ್, ಎಷ್ಟ್ ನೋವ್ ತಿಂತೋ” ಎಂದು ಅದರ ಬೆನ್ನು ಸವರಿದಳು. ಆಮೇಲೆ ಮಾಶಿಮಾರ ಕೈ ಹಿಡಿದುಕೊಂಡಳು. ಅಮ್ಮನಿಗೆ ಬಂಗಾಳಿ ಬಾರದು, ಮಾಶಿಮಾಗೆ ಕನ್ನಡ ಬಾರದು. ಇಬ್ಬರು ಮುದುಕಿಯರು ಹುಂಜವನ್ನು ನಡುವಿಟ್ಟುಕೊಂಡು ತುಂಬ ಹೊತ್ತು ಕೂತಿದ್ದರು. ನನಗೆ ಅಳು ಬಂತು, ಬಂದದ್ದನ್ನು ತಡೆಯಲೂ ಇಲ್ಲ.

ಹುಂಜ ಲೇಕ್ ಗಾರ್ಡನ್ಸ್‌ಗೆ ಹೋದದ್ದು ಮೆಟ್ರೋದಲ್ಲಂತೆ. ಸುರಂಗದ ನಡುವೆ ಒಮ್ಮೆ ಕೂಗಿಯೇಬಿಟ್ಟಿತಂತೆ, ಬೋಗಿಯಲ್ಲಿದ್ದ ಗಂಡಸರೆಲ್ಲ ತಮ್ಮ ತಮ್ಮ ಫೋನು ತೆಗೆದು ನೋಡಿಕೊಂಡರಂತೆ. ಈ ಕಥೆಯನ್ನು ಮಾಶಿಮಾ ಹೇಳುವಾಗ ಸಂಜೆಯ ಚಹಾ ಎರಡು ಸುತ್ತಾಗಿತ್ತು. ಹೋಗುವಾಗ ಗೇಟಿನ ಬಳಿ ತಿರುಗಿ, “ಬರುವ ಭಾನುವಾರದಿಂದ ಆ ಬದನೆಕಾಯಿ ಸಾರು ನನಗೂ ಒಂದು ಬಟ್ಟಲು” ಎಂದರು.

ಆಮೇಲೆ ಸೋಮವಾರದ ಆ ದಾರವನ್ನು ಬೆಳಕಿಗೆ ಹಿಡಿದು ನೋಡಿದೆ. ನೋಡಿದರೆ ಇಷ್ಟು ಸ್ಪಷ್ಟ. ಗಂಟು ಬಿಚ್ಚಿಲ್ಲ, ಎಳೆ ಸವೆದಿಲ್ಲ, ಒಂದು ಕಡೆ ಕತ್ತರಿಯ ನೇರ ಗುರುತು. ನಾವು ಮಣ್ಣೆಂದುಕೊಂಡ ಕಪ್ಪು, ಒಣಗಿದ ರಕ್ತ. ನಾಲ್ಕು ಜೊತೆ ಕಣ್ಣುಗಳಲ್ಲಿ ಪೊರೆ ಇದ್ದದ್ದು ಅಮ್ಮನಿಗೆ ಮಾತ್ರ, ಆದರೆ ಹೆದರಿಕೆಯಲ್ಲಿ ಒಬ್ಬರಿಗೂ ಕಾಣಿಸಲಿಲ್ಲ.

ಆ ಸಂಜೆ ಗುಲಾಬಿ ಬೇಗನೆ ಅಡುಗೆ ಮಾಡಿದಳು. ಅನ್ನ, ತಿಳಿಸಾರು, ಹುರಿದ ಹಪ್ಪಳ. ಅಮ್ಮ ನಾಲ್ಕು ದಿನಗಳ ನಂತರ ಅನ್ನ ಕಲಸಿ ಉಂಡಳು, ಎರಡು ಸಲ ಹಾಕಿಸಿಕೊಂಡಳು. ಕೈ ತೊಳೆದು ಬಂದಳು. ಬಂದು ಬಾಗಿಲ ಬಳಿ ನಿಂತಳು. ನಾನೂ ಗುಲಾಬಿಯೂ ತಟ್ಟೆ ಎತ್ತದೆ ಕಾದು ಕುಳಿತೆವು.

“ಆಯ್ತಾರ ಮಾಡಿದ್ ಆ ಕೋಳಿ ಸಾರ್ ಇತ್ತಲ್ಲ ಹೆಣ್ಣೆ,” ಎಂದಳು ಅಮ್ಮ, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ. “ಉಪ್ಪು ಸಾಕಾಗಲಿಲ್ಲ ಕಾಣ್. ಕಾಯಿಯೂ ಸಮ ಅರೀಲಿಲ್ಲ.”